ಪುಟ್ಟನಿಗೆ, ಅಮಲ್ಜಾರಿ ನೋಟೀಸಿನ ಬಗ್ಗೆ

ತಿಪಟೂರು
ಭಾನುವಾರ ರಾತ್ರಿ

ಚಿರಂಜೀವಿ ಪುಟ್ಟನಿಗೆ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರ ಬಂತು. ಅಂಗಡಿ ಯಾಕೆ ಮುಚ್ಚಿತು, ಆ ಕೈಸಾಲ ಯಾಕೆ ಬೇಕಾಯಿತು, ಯಾರು ಮಾತು ಕೊಟ್ಟು ತಪ್ಪಿದರು, ಅದೆಲ್ಲ ಮತ್ತೆ ಎತ್ತುವುದು ಬೇಡ. ನಮಗೆಲ್ಲ ಗೊತ್ತಿರುವುದೇ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಅತ್ತೆ, ಮಗಳ ಕಣ್ಣೆದುರಿಗೇ ಹಿಡಿದುಕೊಂಡು ಹೋಗಿಬಿಟ್ಟರೆ?" ಅಂತ. ಅದು ನನ್ನನ್ನು ಮೂರು ರಾತ್ರಿಯಿಂದ ಮಲಗಲು ಬಿಟ್ಟಿಲ್ಲ. ಉಳಿದದ್ದನ್ನು ದುಂಡಗೆ, ನಿಧಾನವಾಗಿ ಬರೆದಿದ್ದೀಯ. ಅಲ್ಲಿಗೆ ಬರುವ ಹೊತ್ತಿಗೆ ಕೈ ಓಡಿದೆ. ಅಷ್ಟು ವರ್ಷ ಮಕ್ಕಳ ಕಾಪಿ ತಿದ್ದಿದವಳು ನಾನು. ಹೆದರಿ ಬರೆದ ಅಕ್ಷರ ಯಾವುದು ಅಂತ ನನಗೆ ಗೊತ್ತಾಗುತ್ತದೆ.

ಮೊದಲು ಅದನ್ನೇ ಹೇಳಿಬಿಡುತ್ತೇನೆ. ಹಾಗೆ ಸುಮ್ನೆ ಬಂದು ಹಿಡಿದುಕೊಂಡು ಹೋಗುವುದಿಲ್ಲ ಮಗಾ. ನೀನು ವಾಟ್ಸಾಪಿನಲ್ಲಿ ಕಳಿಸಿದ ನೋಟೀಸಿನ ಫೋಟೋ ಹಿಡಿದುಕೊಂಡು ನಮ್ಮ ಎದುರು ಮನೆಯವರ ಹತ್ತಿರ ಹೋಗಿದ್ದೆ. ಅವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಇದು ಸಿವಿಲ್ ಕೇಸು, ಪೊಲೀಸಿನವರ ಕೆಲಸವೇ ಅಲ್ಲ ಅಂದರು. ಡಿಕ್ರಿ, ಅಂದರೆ ದುಡ್ಡು ಕೊಡು ಅನ್ನುವ ಕೋರ್ಟಿನ ತೀರ್ಪು, ಆಗಿ ಎರಡು ವರ್ಷ ದಾಟಿದ ಮೇಲೆ ವಸೂಲಿಗೆ ಬಂದರೆ (ಆ ವಸೂಲಿಯನ್ನೇ ಅಮಲ್ಜಾರಿ ಅನ್ನುವುದು) ಇಂಥ ನೋಟೀಸು ಕೊಡಲೇಬೇಕಂತೆ. ಮುಂದೆ ಸಾಲ ಕೊಟ್ಟವರು ನಿನ್ನನ್ನು ಸಿವಿಲ್ ಜೈಲಿಗೆ ಕಳಿಸಿ ಅಂತ ಕೇಳಿದರೂ, ಕೋರ್ಟು ಸಾಮಾನ್ಯವಾಗಿ ಮೊದಲು ನಿನ್ನನ್ನು ಕರೆದು ಕೇಳುತ್ತದೆ, ಯಾಕೆ ಕಳಿಸಬಾರದು ಹೇಳು ಅಂತ. ನಿನ್ನ ಕೈಯಲ್ಲಿ ದುಡ್ಡಿದ್ದೂ ಕೊಡುತ್ತಿಲ್ಲ, ಇಲ್ಲವೇ ಆಸ್ತಿ ಮುಚ್ಚಿಟ್ಟಿದ್ದೀಯ, ಅಂಥದ್ದೇನಾದರೂ ಅವರು ತೋರಿಸಬೇಕು. ಇಲ್ಲದವನನ್ನು ಇಲ್ಲ ಅನ್ನುವ ಕಾರಣಕ್ಕೆ ಒಳಗೆ ಹಾಕುವಂತಿಲ್ಲ. ಕಟ್ಟಕಡೆಗೆ ಕಳಿಸಿದರೂ ಮೂರು ತಿಂಗಳು ಮೀರುವಂತಿಲ್ಲ.

ಕರೆದಾಗ ಹೋಗದೇ ಇದ್ದರೆ ಮಾತ್ರ ಕಷ್ಟ. ನೋಟೀಸು ಕೊಟ್ಟೂ ನೀನು ಹಾಜರಾಗದೇ ಇದ್ದರೆ ಆಗ ವಾರಂಟು ಕೇಳುತ್ತಾರೆ, ಕೋರ್ಟು ಕೊಡುತ್ತದೆ. ನೀನು ಯಾವುದಕ್ಕೆ ಹೆದರುತ್ತಿದ್ದೀಯೋ ಅದು ಆ ದಾರಿಯಲ್ಲೇ ಬರುವುದು. ಅದಕ್ಕೇ ಈ ಕಾಗದ ಬರೆಯಲು ಕೂತೆ.

ನಿಮ್ಮ ತಾತ ಸಾಲಕ್ಕೆ ತೋಟ ಕಳೆದುಕೊಂಡರು ಅನ್ನುವುದು ನಿನಗೆ ಗೊತ್ತು. ಹೇಗೆ ಅನ್ನುವುದನ್ನು ನಿಮ್ಮಪ್ಪನಿಗೂ ನಾನು ಪೂರ್ತಿ ಹೇಳಿಲ್ಲ. ಅವನಿಗೆ ಆಗ ಏಳೋ ಎಂಟೋ ವರ್ಷ.

ಸಾಲ ಕೊಬ್ಬರಿ ಮಂಡಿಯದು. ಮುಂಗಡ ತಗೊಂಡು ಕೊಬ್ಬರಿ ಕೊಟ್ಟು ತೀರಿಸುವುದು ಆಗಿನ ವಾಡಿಕೆ. 1976ರಲ್ಲಿ ದೇವರಾಜ ಅರಸರ ಕಾಲದಲ್ಲಿ ಋಣ ಪರಿಹಾರದ ಕಾಯಿದೆ ಬಂದಾಗ ನಮ್ಮ ಬೀದಿಯಲ್ಲೇ ಒಂದಿಬ್ಬರ ಸಾಲ ಮನ್ನಾ ಆಗಿತ್ತು. ಅಪ್ಪ ಮಾಡಿದ್ದು ಆಮೇಲೆ, 1978ರಲ್ಲಿ. ಎರಡು ವರ್ಷ ತೀರಿಸಲು ಆಗಲಿಲ್ಲ. 1980ರ ಶ್ರಾವಣದಲ್ಲಿ ಮುನ್ಸೀಫ್ ಕೋರ್ಟಿನಿಂದ ಸಮನ್ಸ್ ಕೊಡುವ ಅಮೀನ ಬಂದ. ಕೈಯಲ್ಲೊಂದು ಚೀಲ, ಬಗಲಲ್ಲಿ ಛತ್ರಿ. ಅಪ್ಪ ದೂರದಿಂದಲೇ ನೋಡಿ ಅಟ್ಟ ಹತ್ತಿದರು. ಹತ್ತುವಾಗ ನನ್ನ ಕಡೆ ತಿರುಗಿ, "ಅಪ್ಪ ಊರಲ್ಲಿಲ್ಲ ಅನ್ನು" ಅಂದರು.

ನನಗೆ ಆಗ 15 ವರ್ಷ. ಬಾಗಿಲಿಗೆ ಹೋಗಿ ಹಾಗೇ ಅಂದೆ. ಅಮೀನ ಒಳ್ಳೆಯವನೇ. ನೀರು ಕೇಳಿದ. ತಂದುಕೊಟ್ಟೆ. ಅವನು ನೀರು ಕುಡಿಯುವಷ್ಟು ಹೊತ್ತು ಅಟ್ಟದ ಮೇಲಿಂದ ಹೊಟ್ಟಿನ ಧೂಳು ಸಣ್ಣಗೆ ಉದುರುತ್ತಿತ್ತು. ಅವನು ಮೇಲೆ ನೋಡಿದ. ನನ್ನ ಮುಖ ನೋಡಿದ. ಏನೂ ಅನ್ನದೆ ಲೋಟ ಕೊಟ್ಟು ಹೋದ. ಇನ್ನೊಂದು ದಿನ ಬಂದು ಸಮನ್ಸನ್ನು ಬಾಗಿಲಿಗೆ ಅಂಟಿಸಿದ. ಸಂಜೆ ಬೀದಿಯವರು ನೋಡುತ್ತಾರೆ ಅಂತ ನಾನೇ ಅದನ್ನು ಕಿತ್ತೆ. ಕಿತ್ತದ್ದನ್ನು ಅಪ್ಪನಿಗೂ ತೋರಿಸಲಿಲ್ಲ. ಒಲೆಗೆ ಹಾಕಿದೆ. ಅದರಲ್ಲಿ ಹಾಜರಾಗಬೇಕಾದ ತಾರೀಖಿತ್ತು, ಪುಟ್ಟಾ. ಯಾರೂ ಹೋಗಲಿಲ್ಲ. ನಾವಿಲ್ಲದೆಯೇ ತೀರ್ಪಾಗಿ, ಎಕ್ಸ್‌ಪಾರ್ಟಿ ಡಿಕ್ರಿ ಆಯಿತು.

ಮಾರನೇ ವರ್ಷ, ಅರೆಸ್ಟ್ ಮಾಡಲು ಬರುತ್ತಾರಂತೆ ಅಂತ ಯಾರೋ ಸಂತೆಯಲ್ಲಿ ಅಂದರು. ಅವತ್ತಿನಿಂದ ಅಪ್ಪ ರಾತ್ರಿ ಮನೆಯಲ್ಲಿ ಮಲಗುವುದನ್ನು ಬಿಟ್ಟರು. ಕತ್ತಲಾದ ಮೇಲೆ ಕಂಬಳಿ ಹೊದ್ದು ತೋಟದ ಗುಡಿಸಲಿಗೆ ಹೋಗುತ್ತಿದ್ದರು, ಬೆಳಗಾದ ಮೇಲೆ ಬರುತ್ತಿದ್ದರು. ಮಾಗಿಯ ಚಳಿ. ಆ ಕೆಮ್ಮು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮೊನ್ನೆ ಶಿರಸ್ತೇದಾರರು ಮಾತಿನ ನಡುವೆ ಒಂದು ವಿಷಯ ಹೇಳಿದರು, ಅದನ್ನು ಕೇಳಿ ನನಗೆ ಕೂತಲ್ಲೇ ಕಣ್ಣು ಕತ್ತಲಾಯಿತು. ಸಾಲದ ಡಿಕ್ರಿಗೆ ಅರೆಸ್ಟ್ ಮಾಡಲು ಬರುವವರು ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು, ಮನೆಯೊಳಗೆ ಕಾಲಿಡುವಂತಿಲ್ಲವಂತೆ. 1908ರ ಸಿವಿಲ್ ಪ್ರೊಸೀಜರ್ ಕೋಡಿನಲ್ಲೇ ಇದೆಯಂತೆ, ಸೆಕ್ಷನ್ 55. ಅಪ್ಪ ಅಷ್ಟೂ ರಾತ್ರಿ ತಮ್ಮ ಹಾಸಿಗೆಯಲ್ಲಿ ಮಲಗಬಹುದಿತ್ತು.

ಇನ್ನೂ ಒಂದು ಹೇಳಿದರು. ಕೈಲಾಗದವನನ್ನು ಸಾಲಕ್ಕಾಗಿ ಜೈಲಿಗೆ ಹಾಕಬಾರದು ಅಂತ ಸುಪ್ರೀಂ ಕೋರ್ಟಿನಲ್ಲಿ ಕೃಷ್ಣ ಅಯ್ಯರ್ ಅನ್ನುವ ಜಡ್ಜು ತೀರ್ಪು ಬರೆದರಂತೆ, ಬ್ಯಾಂಕ್ ಆಫ್ ಕೊಚ್ಚಿನ್ ಕೇಸಿನಲ್ಲಿ. ಅದು ಯಾವಾಗ ಅಂದೆ. 1980ರ ಫೆಬ್ರವರಿ ಅಂದರು. ನಮ್ಮ ಮನೆಗೆ ಅಮೀನ ಬರುವ ಮೊದಲೇ. ನಮ್ಮೂರಲ್ಲಿ ಯಾರಿಗೆ ಗೊತ್ತಿತ್ತು ಹೇಳು.

ತೋಟವನ್ನು ಯಾರೂ ಹರಾಜು ಹಾಕಲಿಲ್ಲ. ನಾವೇ ಮಾರಿದೆವು. ಹರಾಜಿಗೆ ಬರುತ್ತದೆ ಅನ್ನುವ ಭಯಕ್ಕೆ, ಕೇಳಿದಷ್ಟಕ್ಕೆ. ಎತ್ತುಗಳನ್ನು ಅದಕ್ಕೂ ಮುಂಚೆಯೇ ಕೊಟ್ಟಿದ್ದೆವು. ಅಮ್ಮ ತಾಳಿ ಬಿಚ್ಚಿ ಗಿರವಿಗೆ ಕಳಿಸಿ ಅರಿಶಿನದ ಕೊಂಬು ಕಟ್ಟಿಕೊಂಡಳು. ತಾಳಿಯನ್ನು, ಅಡುಗೆ ಪಾತ್ರೆಯನ್ನು, ರೈತನ ಹೊಟ್ಟೆಪಾಡಿನ ಎತ್ತು, ನೇಗಿಲು, ಬಿತ್ತನೆ ಬೀಜವನ್ನು, ಅವನು ವಾಸ ಮಾಡುವ ಮನೆಯನ್ನು ಇಂಥ ಡಿಕ್ರಿಗೆ ಜಪ್ತಿ ಮಾಡುವಂತಿಲ್ಲ ಅಂತ ಕಾನೂನಿನಲ್ಲಿ ಬರೆದೇ ಇತ್ತು. ಹೋಗಿ ಕೇಳಿದ್ದರೆ ಹೇಳುತ್ತಿದ್ದರು. ಹೋಗಲು ನಾಚಿಕೆ. ಬಾಗಿಲಿಗೆ ಅಂಟಿಸಿದ ಆ ಕಾಗದವನ್ನು ನಾನು ಒಲೆಗೆ ಹಾಕದೆ ಅಪ್ಪನ ಕೈಗೆ ಕೊಟ್ಟಿದ್ದರೆ ಹೋಗುತ್ತಿದ್ದರೋ ಏನೋ. ಇದನ್ನು ಯೋಚಿಸದ ಶ್ರಾವಣ ನನಗೆ ಬಂದಿಲ್ಲ.

ನಿನ್ನ ವಿಷಯಕ್ಕೆ ಬರುತ್ತೇನೆ. ನಾನು ವಕೀಲಳಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ನಿನ್ನ ವಕೀಲರು ತಿದ್ದಲಿ.

ನೋಟೀಸು ಬಂದು ಎಷ್ಟು ದಿನ ಆಯಿತು? ನಿನ್ನ ಕಾಗದದ ಲೆಕ್ಕದಲ್ಲಿ 12 ದಿನ ಆಗಲೇ ಹೋಗಿದೆ. ನಿನ್ನ ಮೇಲೂ ಹಾಗೇ ನೀನಿಲ್ಲದೆ ಡಿಕ್ರಿ ಆಗಿದೆ. ಎಕ್ಸ್‌ಪಾರ್ಟಿ ಡಿಕ್ರಿಯನ್ನು ರದ್ದು ಮಾಡಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಆರ್ಡರ್ 9, ರೂಲ್ 13 ಅನ್ನುತ್ತಾರೆ. ಅದಕ್ಕೆ ಇರುವುದು 30 ದಿನ. ಸಮನ್ಸ್ ನಿನಗೆ ಸರಿಯಾಗಿ ಮುಟ್ಟಿರಲಿಲ್ಲ ಅಂತಾದರೆ ಆ 30 ದಿನ ನಿನಗೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ ಎಣಿಕೆ. ಮುಟ್ಟಿತ್ತು ಅಂತ ಕೋರ್ಟು ಹೇಳಿದರೆ ಡಿಕ್ರಿಯ ದಿನದಿಂದಲೇ ಎಣಿಕೆ. ಅದಕ್ಕೇ ತಡವಾದದ್ದನ್ನು ಮನ್ನಿಸಿ ಅನ್ನುವ ಅರ್ಜಿಯನ್ನೂ ಜೊತೆಯಲ್ಲೇ ಹಾಕಿಬಿಡಬೇಕಂತೆ. ಕವರನ್ನು ಎಸೆದಿಲ್ಲ ತಾನೆ? ಅದರ ಮೇಲಿನ ಅಂಚೆ ಮುದ್ರೆ ಬೇಕಾಗುತ್ತದೆ.

ಸಾಲ ಕೊಟ್ಟವರು ಕೇಸು ಹಾಕಿದ್ದು 2018ರಲ್ಲಿ. ನೀನು ತುಮಕೂರಿನ ಮನೆ ಬಿಟ್ಟು ಬೆಂಗಳೂರಿಗೆ ಹೋಗಿ ಆಗಲೇ ಎರಡು ವರ್ಷ ಆಗಿತ್ತು. ಬಾಡಿಗೆ ಕರಾರು, ಗ್ಯಾಸ್ ಬದಲಾಯಿಸಿದ ಚೀಟಿ, ಆಧಾರಿನಲ್ಲಿ ವಿಳಾಸ ಬದಲಿಸಿದ ದಾಖಲೆ, ಏನೇನು ಸಿಗುತ್ತದೋ ತೆಗೆದಿಡು. ಆದರೆ ಒಂದು ಮಾತು. ಹಳೇ ಮನೆ ಓನರ್ ಯಾವತ್ತಾದರೂ ಫೋನ್ ಮಾಡಿ, ಕೋರ್ಟಿನಿಂದ ಯಾರೋ ಬಂದಿದ್ದರು ಅಂದಿದ್ದರಾ? ಅಂದಿದ್ದರೆ ವಕೀಲರಿಗೆ ಮೊದಲ ದಿನವೇ ಹೇಳು. ಸಮನ್ಸ್ ಕೊಟ್ಟ ರೀತಿಯಲ್ಲಿ ಸಣ್ಣಪುಟ್ಟ ತಪ್ಪಿದ್ದರೂ, ನಿನಗೆ ತಾರೀಖು ಗೊತ್ತಿತ್ತು ಅಂತ ಕೋರ್ಟಿಗೆ ಅನ್ನಿಸಿದರೆ ಡಿಕ್ರಿ ರದ್ದಾಗುವುದಿಲ್ಲ.

ಇನ್ನೊಂದು, ಸಾಲ ಹಳೆಯದು ಅನ್ನುವ ವಿಷಯ. ಸಾಲ ತೀರಿಸುತ್ತೇನೆ ಅಂತ ನೀನು ಪ್ರೋನೋಟು ಬರೆದುಕೊಟ್ಟದ್ದು 2014ರ ಯುಗಾದಿಯ ಹೊತ್ತಿಗೆ. ಅಂಥ ನೋಟಿಗೆ ಮೂರು ವರ್ಷದ ಒಳಗೆ ಕೇಸು ಹಾಕಬೇಕು. 2017ಕ್ಕೆ ಮುಗಿಯಿತು, ಅಲ್ವಾ? ಹಾಗಂತ ಖುಷಿಪಡಬೇಡ. ಆ ನೋಟಿನ ಹಿಂದೆ, ಬಡ್ಡಿ ಕೊಟ್ಟಾಗ, ಇಷ್ಟು ಸಂದಾಯ ಅಂತ ಬರೆದು ನಿನ್ನ ಸಹಿ ಹಾಕಿಸಿದ್ದಾರಾ ನೆನಪು ಮಾಡಿಕೋ. ಅವಧಿಯೊಳಗೆ ಹಾಗೆ ಸಹಿ ಹಾಕಿದ್ದರೆ ಅವತ್ತಿನಿಂದ ಮತ್ತೆ ಮೂರು ವರ್ಷ. ಹಾಕಿಲ್ಲದಿದ್ದರೆ, ನೀನು ಇಲ್ಲದಿದ್ದರೂ ಕೋರ್ಟೇ ಇದನ್ನು ಗಮನಿಸಬೇಕಿತ್ತು. ಅಂತೂ ಕೇಸಿನ ಕಾಗದಗಳ ನಕಲಿಗೆ ಅರ್ಜಿ ಹಾಕುವುದು ಮೊದಲ ಕೆಲಸ. ಕಣ್ಣಲ್ಲಿ ನೋಡದೆ ಏನೂ ಹೇಳಲು ಆಗುವುದಿಲ್ಲ. ಈಗ ಬಂದಿರುವ ಅಮಲ್ಜಾರಿ ಕೇಸಿನಲ್ಲಿ ನಿಂತು ಸಾಲ ಹಳೆಯದು ಅಂದರೆ ಅಲ್ಲಿ ಕೇಳುವುದಿಲ್ಲವಂತೆ. ಡಿಕ್ರಿ ಸರಿಯೋ ತಪ್ಪೋ ಅನ್ನುವುದು ಅಲ್ಲಿನ ಕೆಲಸವಲ್ಲ. ಅದಕ್ಕೆ ರದ್ದತಿ ಅರ್ಜಿಯೇ ಬೇಕು, ಇಲ್ಲವೇ ಮೇಲಿನ ಕೋರ್ಟಿಗೆ ಅಪೀಲು. ಅರ್ಜಿ ಹಾಕಿದ ಮಾತ್ರಕ್ಕೆ ವಸೂಲಿಯೂ ನಿಲ್ಲುವುದಿಲ್ಲ. ತಡೆಯನ್ನು ಬೇರೆಯಾಗಿ ಕೇಳಬೇಕು. ಸ್ವಲ್ಪ ಹಣ ಕಟ್ಟು ಅನ್ನಬಹುದು. ಕಟ್ಟುವಷ್ಟು ನನ್ನ ಹತ್ತಿರ ಇದೆ, ಬಾಯಿ ಬಿಟ್ಟು ಕೇಳು.

ಸಂಬಳದ ಚಿಂತೆ ಬರೆದಿಲ್ಲ ನೀನು, ಆದರೆ ಇರುತ್ತದೆ. ಮೊದಲ ಸಾವಿರ ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು, ಇವನ್ನು ಮುಟ್ಟುವಂತಿಲ್ಲ. ಪಿಎಫ್ ಮುಟ್ಟುವಂತಿಲ್ಲ.

ದುಡ್ಡು ತಗೊಂಡದ್ದನ್ನು ತಗೊಂಡೆ ಅಂತಲೇ ಹೇಳು. ಸಹಿ ನನ್ನದಲ್ಲ ಅನ್ನು ಅಂತ ಯಾರಾದರೂ ಉಪಾಯ ಹೇಳಿಕೊಟ್ಟರೆ ಆ ವಕೀಲರನ್ನು ಬಿಡು. ಡಿಕ್ರಿ ರದ್ದಾದರೆ ಸಾಲ ಹೋಯಿತು ಅಂತಲ್ಲ, ಕೇಸು ಮತ್ತೆ ಶುರುವಾಗುತ್ತದೆ, ನಿನ್ನ ಮಾತನ್ನೂ ಕೇಳುತ್ತಾರೆ, ಅಷ್ಟೇ. ಅಸಲು ಎರಡು ಲಕ್ಷಕ್ಕೆ ತಿಂಗಳಿಗೆ ಆರು ಸಾವಿರ ಬಡ್ಡಿ ಎಷ್ಟು ತಿಂಗಳು ಕೊಟ್ಟೆ ಅನ್ನುವುದನ್ನು ಅಲ್ಲಿ ಹೇಳಬಹುದು. ರಾಜಿ ಆಗುವುದಾದರೆ ಲೋಕ ಅದಾಲತ್ ಇದೆ. ಕಂತು ಮಾಡಿಕೊಡುತ್ತಾರೆ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಅಪೀಲಿಲ್ಲ. ಕೈಲಾಗುವ ಮೊತ್ತಕ್ಕೆ ಮಾತ್ರ ಒಪ್ಪಿಕೋ.

ಇಷ್ಟೆಲ್ಲ ಬರೆದೆ, ಮತ್ತೆ ಆ ಸಾಲೇ ಕಣ್ಣ ಮುಂದೆ ಬರುತ್ತಿದೆ. ಮಗಳು ನೋಡಿಬಿಟ್ಟರೆ ಅಂತೀಯ. ಅವಳು ನೋಡುತ್ತಾಳೆ ಪುಟ್ಟಾ. ಆಗಲೇ ನೋಡುತ್ತಿದ್ದಾಳೆ. ಒಂಬತ್ತು ವರ್ಷದ ಮಗುವಿಗೆ ಅಪ್ಪ ಊಟ ಬಿಟ್ಟಿದ್ದು ಗೊತ್ತಾಗುವುದಿಲ್ಲವೇ? ನಮ್ಮಪ್ಪನನ್ನು ಯಾರೂ ಹಿಡಿದುಕೊಂಡು ಹೋಗಲಿಲ್ಲ. ಹಾಗಿದ್ದೂ ನನಗೆ ಅವರು ಅಂದರೆ ಮೊದಲು ನೆನಪಾಗುವುದು ಅಟ್ಟದ ಏಣಿಯ ಮೇಲಿನ ಆ ಕಾಲುಗಳು. ಅವರು ಎಷ್ಟು ಚೆನ್ನಾಗಿ ಕೋಲಾಟದ ಪದ ಹೇಳುತ್ತಿದ್ದರು, ನನ್ನನ್ನು ಹೆಗಲ ಮೇಲೆ ಹೊತ್ತು ಕೆರೆಗೋಡಿ ರಂಗಾಪುರದ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು, ಅದೆಲ್ಲ ಆಮೇಲೆ ನೆನಪಾಗುತ್ತದೆ.

ಮಂಗಳವಾರ ಬೆಳಗಿನ ರೈಲಿಗೆ ಬರುತ್ತೇನೆ. ನೀನು ತುಮಕೂರಿಗೆ ವಕೀಲರ ಹತ್ತಿರ ಹೋಗುವ ದಿನ ಮಗು ಜೊತೆ ನಾನಿರುತ್ತೇನೆ. ಅಪ್ಪ ಎಲ್ಲಿ ಅಂತ ಅವಳು ಕೇಳಿದರೆ ಕೋರ್ಟಿಗೆ ಹೋಗಿದ್ದಾನೆ ಅಂತ ಹೇಳುತ್ತೇನೆ. ಬೇಡ ಅನ್ನಬೇಡ.

ಒಂದನ್ನು ನೀನು ಬರೆದಿಲ್ಲ, ನಾನೇ ಕೇಳುತ್ತಿದ್ದೇನೆ. ಈ ನೋಟೀಸು ಬಂದಾಗಿನಿಂದ ಬೆಲ್ ಆದರೆ ಬಾಗಿಲು ಯಾರು ತೆಗೆಯುತ್ತಾರೆ? ನಾನು ಬರುವ ತನಕವಾದರೂ ನೀನೇ ಹೋಗಿ ತೆಗೆ. ಅವಳನ್ನು ಕಳಿಸಬೇಡ.

ನಿನ್ನ ಅತ್ತೆ