ಮಗಳಿಗೊಂದು ಪತ್ರ: ಆರೋಪಪಟ್ಟಿಯಲ್ಲಿ ಇಲ್ಲದ್ದು

ಪ್ರೀತಿಯ ಮಗಳೇ,

ರುವಾಂಡಾದಲ್ಲಿ ಹುಟು ಉಗ್ರರು ಟುಟ್ಸಿ ಜನರನ್ನು ಕೊಂದ ನರಮೇಧದ ಬಗ್ಗೆ ಓದುವಾಗ ‘ಜಗತ್ತಿಗೆ ಗೊತ್ತೇ ಆಗಲಿಲ್ಲ’ ಎಂಬ ಮಾತು ಸಿಕ್ಕರೆ ನಂಬಬೇಡ. ಗೊತ್ತಿತ್ತು. ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥ ರೋಮಿಯೊ ಡಲೇರ್ 1994ರ ಜನವರಿ 11ರಂದೇ ನ್ಯೂಯಾರ್ಕಿಗೆ ಸಂದೇಶ ಕಳಿಸಿ, ಬಚ್ಚಿಟ್ಟ ಆಯುಧಗಳನ್ನು ವಶಪಡಿಸಿಕೊಳ್ಳುತ್ತೇನೆ ಎಂದಿದ್ದರು. ಬೇಡ ಎಂಬ ಉತ್ತರ ಬಂತು. ಏಪ್ರಿಲ್ 7ಕ್ಕೆ ಕೊಲೆಗಳು ಶುರುವಾದವು. ಗುರುತಿನ ಚೀಟಿಯಲ್ಲೇ ಹುಟು, ಟುಟ್ಸಿ ಎಂದು ನಮೂದಾಗಿತ್ತು. ದಾರಿ ತಡೆದು ನಿಂತ ಕೊಲೆಗಾರರಿಗೆ, ಯಾರನ್ನು ಕೊಲ್ಲಬೇಕೆಂದು ತಿಳಿಯಲು ಅದೊಂದು ಸಾಕಾಯಿತು. ಏಪ್ರಿಲ್ 21ರಂದು ಭದ್ರತಾ ಮಂಡಳಿ ಅಲ್ಲಿದ್ದ ಪಡೆಯನ್ನು 270 ಮಂದಿಗೆ ಇಳಿಸುವ ನಿರ್ಣಯ ಮಾಡಿತು. ಸುಮ್ಮನೆ ಕೂತಿದ್ದರು ಎಂದರೆ ಕಡಿಮೆಯಾಯಿತು, ಕೈಯೆತ್ತಿ ಮತ ಹಾಕಿಯೇ ಹಿಂದೆ ಸರಿದರು. ಸುಮಾರು ನೂರು ದಿನಗಳಲ್ಲಿ ಸತ್ತವರು ಎಂಟು ಲಕ್ಷದಷ್ಟು ಎಂಬ ಅಂದಾಜಿದೆ.

ಅದೇ ಮಂಡಳಿ ನವೆಂಬರಿನಲ್ಲಿ ವಿಶೇಷ ನ್ಯಾಯಮಂಡಳಿ ರಚಿಸಿತು. ಅದು ಟಾಂಜಾನಿಯಾದ ಅರುಷಾದಲ್ಲಿ ಕೂತಿತು. ಇಂಥ ಮೊಕದ್ದಮೆಯಲ್ಲಿ ಕೊಂದದ್ದನ್ನು ತೋರಿಸಿದರೆ ಸಾಲದು. ನರಮೇಧ ತಡೆಯುವ 1948ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಒಂದು ಜನಾಂಗವನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶವಿತ್ತೆಂದು ಸಾಬೀತಾಗಬೇಕು. ಆ ಉದ್ದೇಶ ಸಾಮಾನ್ಯವಾಗಿ ಬರಹದಲ್ಲಿ ಸಿಗುವುದಿಲ್ಲ. ಆರೋಪಿ ಸಭೆಯಲ್ಲಿ ಏನು ಹೇಳಿದ, ಯಾರನ್ನು ಆರಿಸಿ ಕೊಂದರು, ಯಾರನ್ನು ಬಿಟ್ಟರು, ಊರೂರಲ್ಲೂ ಒಂದೇ ಕ್ರಮವಿತ್ತೇ ಎಂಬುದರಿಂದಲೇ ಕಟ್ಟಬೇಕು.

ರುವಾಂಡಾದ ಟಾಬಾ ಎಂಬಲ್ಲಿ ಮೇಯರ್ ಆಗಿದ್ದ ಅಕಾಯೆಸುವಿನ ಮೊಕದ್ದಮೆಯನ್ನು ನಿಧಾನವಾಗಿ ಓದು. ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. 1997ರಲ್ಲಿ ಹೆಸರು ಮರೆಮಾಚಿ ಸಾಕ್ಷಿ ನುಡಿದ ತಾಯಿಯೊಬ್ಬಳು, ತನ್ನ ಆರು ವರ್ಷದ ಮಗಳ ಮೇಲೆ ಮೂವರು ಅತ್ಯಾಚಾರ ಮಾಡಿದರೆಂದಳು. ನ್ಯಾಯಾಧೀಶೆ ನವನೀತಂ ಪಿಳ್ಳೈ ಅವರಿದ್ದ ಪೀಠ ಅದನ್ನು ಅಲ್ಲಿಗೇ ಬಿಡದೆ ಮುಂದೆ ಕೇಳಿತು. ಆಗ ಮೇಯರ್ ಕಚೇರಿಯ ಆವರಣದಲ್ಲೇ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆದಿತ್ತೆಂಬ ಮಾತು ಹೊರಬಂತು. ಜೂನಿನಲ್ಲಿ ಆರೋಪಪಟ್ಟಿ ತಿದ್ದುಪಡಿಯಾಯಿತು. 1998ರ ಸೆಪ್ಟೆಂಬರ್ 2ರ ತೀರ್ಪು ಅತ್ಯಾಚಾರವೂ ನರಮೇಧದ ಭಾಗವಾಗಬಲ್ಲದು ಎಂದಿತು. ಅಂತರರಾಷ್ಟ್ರೀಯ ನ್ಯಾಯಾಲಯವೊಂದು ವಿಚಾರಣೆ ನಡೆಸಿ ನರಮೇಧದ ಅಪರಾಧ ಸಾಬೀತಾಗಿದೆ ಎಂದದ್ದು ಅದೇ ಮೊದಲು.

ಆದ್ದರಿಂದ ಯಾವ ಪ್ರಕರಣ ಕೈಗೆತ್ತಿಕೊಂಡರೂ ತೀರ್ಪಿಗಿಂತ ಮೊದಲು ಆರೋಪಪಟ್ಟಿ ತೆಗೆ, ತಿದ್ದುಪಡಿಯ ದಿನಾಂಕ ನೋಡು. ತನಿಖೆಯಲ್ಲಿ ಯಾರೂ ಕೇಳದ್ದು ಅದರೊಳಗೆ ತಾನಾಗಿ ಬಂದು ಸೇರುವುದಿಲ್ಲ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ರುವಾಂಡಾದ ಸಿರಿವಂತ ವ್ಯಾಪಾರಿ ಫೆಲಿಸಿಯನ್ ಕಬುಗಾನ ಪ್ರಕರಣವಿದೆ. ದ್ವೇಷ ಕಾರುತ್ತಿದ್ದ ರೇಡಿಯೊಗೆ ಬೆನ್ನೆಲುಬಾಗಿದ್ದ ಎಂಬ ಆರೋಪ ಹೊತ್ತವನು ಸಿಕ್ಕಿಬಿದ್ದದ್ದು 2020ರಲ್ಲಿ, ಪ್ಯಾರಿಸ್ ಬಳಿ. 2023ರ ಹೊತ್ತಿಗೆ ಮರೆವಿನ ಕಾಯಿಲೆಯಿಂದ ವಿಚಾರಣೆ ಎದುರಿಸಲಾರ ಎಂದು ನ್ಯಾಯಾಧೀಶರು ನಿರ್ಧರಿಸಬೇಕಾಯಿತು. ಅವನ ವಿರುದ್ಧ ಸಾಕ್ಷಿ ಹೇಳಲು ಇಷ್ಟು ವರ್ಷ ಕಾದವರಿಗೆ ತೀರ್ಪು ಸಿಗಲಿಲ್ಲ.

ನಿನ್ನ
ಅಪ್ಪ