ಅಪ್ಪನ ಮಳೆ ಪುಸ್ತಕಕ್ಕೆ ಇನ್ನೊಂದು ಕಾಲಂ

ಸೆಂಡೈ, ಜಪಾನ್
ಜುಲೈ 12

ತೀರ್ಥರೂಪು ಅಪ್ಪನಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಮೊನ್ನೆ ಟೀವಿಯಲ್ಲಿ ಇಲ್ಲಿಯ ಭೂಕಂಪದ ಸುದ್ದಿ ನೋಡಿ ಅಮ್ಮ ಗಾಬರಿಯಲ್ಲಿ ಫೋನ್ ಮಾಡಿದಾಗ ಸರಿಯಾಗಿ ವಿವರಿಸಲು ಆಗಲಿಲ್ಲ, ಅದಕ್ಕೇ ಈ ಕಾಗದ. ಟೀವಿಯವರು ಹೇಳಿದ 6, ದೂರದ ಸಮುದ್ರದಡಿ ಭೂಕಂಪ ಹುಟ್ಟಿದ ಕಡೆ ಹೊರಬಿದ್ದ ಶಕ್ತಿಯ ಲೆಕ್ಕ. ಇಲ್ಲಿ ಅದರ ಜೊತೆ ಇನ್ನೊಂದು ಅಂಕಿ ಹೇಳುತ್ತಾರೆ, ಶಿಂಡೋ ಅಂತ. ನಾವು ನಿಂತ ನೆಲ ಎಷ್ಟು ಅಲುಗಿತು ಅನ್ನುವುದು ಅದು, 0ಯಿಂದ 7ರವರೆಗೆ. ಹುತ್ತರಿ ಹಬ್ಬದ ರಾತ್ರಿ ಗದ್ದೆಯಲ್ಲಿ ಹಾರಿಸುವ ಕೋವಿಯ ಈಡು ಒಂದೇ. ಹತ್ತಿರ ನಿಂತ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ, ಆಚೆ ಗುಡ್ಡದ ಮನೆಗೆ ಸಣ್ಣಗೆ ಕೇಳುತ್ತದೆ. ಹಾಗೇ ಇದೂ. ನನ್ನ ಕೋಣೆಗೆ ಬಂದದ್ದು 3. ಕಪಾಟಿನ ಪಾತ್ರೆ ಸದ್ದಾಯಿತು, ಅಷ್ಟೇ.

2022ರ ಜೂನ್‌ನಲ್ಲಿ ಕೊಡಗಿನ ಚೆಂಬು ಕಡೆ ನೆಲ ನಡುಗಿದಾಗಲೂ ಅಮ್ಮ ಹೀಗೇ ಹೆದರಿದ್ದರು. ಹುಟ್ಟಿದ ಕಡೆಯ ಲೆಕ್ಕದಲ್ಲಿ ಅದು 3ರ ಆಸುಪಾಸಿನದು. 2011ರ ಮಾರ್ಚ್ 11ರಂದು ಈ ಊರಿನಾಚೆ ಕಡಲಲ್ಲಿ ಆದದ್ದು ಅದೇ ಲೆಕ್ಕದಲ್ಲಿ 9. ಮೂರು ಪಟ್ಟು ಅಂದುಕೊಳ್ಳಬೇಡಿ. ಒಂದೊಂದು ಮೆಟ್ಟಿಲಿಗೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆರು ಮೆಟ್ಟಿಲಿಗೆ ಸುಮಾರು 100 ಕೋಟಿ ಪಟ್ಟು. ಇಲ್ಲಿ ಭೂಮಿಯ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುತ್ತಲೇ ಇದೆ. ನಮ್ಮ ಕೊಡಗು ಇರುವುದು ಅಂಥ ಅಂಚಿನಿಂದ ಬಲು ದೂರ.

ನನಗಿರುವ ಭಯ ಭೂಕಂಪದ್ದಲ್ಲ ಅಪ್ಪ, ಮನೆ ಹಿಂದಿನ ಬರೆಯದು, ಆ ಕಡಿದಾದ ಮಣ್ಣಿನ ಗೋಡೆಯದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಇಳಿದಾಗ ನಮ್ಮ ಕೆಳಗಿನ ತೋಟವೂ ಹೋಯಿತು. ಆಶ್ಲೇಷ ಮಳೆ ಮುಗಿದು ಮಖೆ ಹಿಡಿಯುವ ಹೊತ್ತು ಅದು. ಆ ಒಂದು ದಿನದ ಮಳೆಯನ್ನೇ ಎಲ್ಲರೂ ಬೈದರು. ಆದರೆ ವಾರಗಟ್ಟಲೆ ನೀರು ಕುಡಿದ ಮಣ್ಣಿಗೆ ಆಗಲೇ ಬಿಗಿ ಇರಲಿಲ್ಲ. ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಿದರೆ ಕೆಳಗಿನ ಬಂಡೆಯ ಮೇಲಿನ ಹಿಡಿತ ಸಡಿಲವಾಗುತ್ತದೆ. ರಸ್ತೆಗೋ ಮನೆಗೋ ಬುಡ ಕಡಿದ ಬರೆಯಾದರೆ ಕೇಳಲೇಬೇಕಿಲ್ಲ.

ಇಲ್ಲಿಯ ಹವಾಮಾನ ಇಲಾಖೆ ಲೆಕ್ಕ ಹಾಕುವುದು ಆ ನೀರನ್ನೇ. ಒಂದರ ಕೆಳಗೊಂದು ಮೂರು ತೊಟ್ಟಿ, ಬದಿಗೂ ತಳಕ್ಕೂ ತೂತು ಅಂತ ಕಲ್ಪಿಸಿಕೊಳ್ಳಿ. ಬಿದ್ದ ಮಳೆಯಲ್ಲಿ ಎಷ್ಟು ಹರಿದುಹೋಯಿತು, ಎಷ್ಟು ಇನ್ನೂ ಒಳಗೇ ನಿಂತಿದೆ ಅನ್ನುವುದು ಅದರಿಂದ ಸಿಗುತ್ತದೆ. ಅದನ್ನೂ ಒಂದು ಗಂಟೆಯಲ್ಲಿ ಬಿದ್ದ ಮಳೆಯನ್ನೂ ಒಟ್ಟಿಗೆ ನೋಡಿ ಭೂಕುಸಿತದ ಎಚ್ಚರಿಕೆ ಕೊಡುತ್ತಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ನಿಮ್ಮ ಮಳೆ ಪುಸ್ತಕವೇ ಕಣ್ಣ ಮುಂದೆ ಬಂತು. ಅಜ್ಜನ ಕಾಲದಿಂದ ಇಂಚು, ಅದರ ನೂರನೇ ಪಾಲಾದ ಸೆಂಟಿನಲ್ಲಿ ಬರೆದಿಟ್ಟ ಅಂಥ ದಾಖಲೆ ಎಷ್ಟು ಮನೆಯಲ್ಲಿದೆ!

ಅದಕ್ಕೆ ಒಂದು ಕಾಲಂ ಸೇರಿಸಿ, ಅಪ್ಪ. ಬೆಳಗ್ಗಿನ ಲೆಕ್ಕದ ಪಕ್ಕದಲ್ಲಿ ಹಿಂದಿನ ಹತ್ತು ದಿನದ ಮೊತ್ತ ಬರೆಯಿರಿ. ಜೋರು ಮಳೆ ಹಿಡಿದ ದಿನ ಮರುಬೆಳಗಿನವರೆಗೆ ಕಾಯದೆ ಮೂರು ಗಂಟೆಗೊಮ್ಮೆ ಅಳೆಯಿರಿ. ನಾಲ್ಕು ಇಂಚು ಇಡೀ ದಿನ ಸುರಿಯುವುದೂ ಮೂರು ಗಂಟೆಯಲ್ಲಿ ಸುರಿಯುವುದೂ ಬರೆಗೆ ಒಂದೇ ಅಲ್ಲ. ರಾತ್ರಿ ಮಾತ್ರ ಅಳೆಯಲು ಹೊರಗೆ ಹೋಗಬೇಡಿ.

ಅಂಕಿ ಏನೇ ಇರಲಿ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮಳೆ ಸುರಿಯುತ್ತಿದ್ದರೂ ಹರಿವು ಇಳಿದರೆ, ಅಂಗಳದಲ್ಲಿ ಬಿರುಕು ಕಂಡರೆ ಅಜ್ಜಿಯನ್ನು ಕರೆದುಕೊಂಡು ಕುಶಾಲನಗರದ ಅತ್ತೆ ಮನೆಗೆ ಹೊರಟುಬಿಡಿ. ದನಗಳ ಹಗ್ಗ ಬಿಚ್ಚಿ, ಸಾಕು. ಮೆಣಸಿನ ಮೂಟೆ, ಪಾತ್ರೆ ಅಂತ ತಿರುಗಿ ಹೋಗಬೇಡಿ. ಅಮ್ಮ, ಇದು ಮುಖ್ಯವಾಗಿ ನಿಮಗೇ.

ಜೂನ್‌ನಿಂದ ಇಲ್ಲಿಯವರೆಗಿನ ಪುಟಗಳ ಫೋಟೋ ತಮ್ಮನ ಕೈಲಿ ಕಳುಹಿಸಿ. ಹಿಂದಿನ ದಿನಗಳ ಮೊತ್ತ ನಾನೇ ಕೂಡಿಸಿ ಹೇಳುತ್ತೇನೆ.

ಇಂತಿ ನಿಮ್ಮ ಮಗಳು