ನಮ್ಮ ಮಿಲ್ಲಿಂಗ್ ಮೆಷಿನ್‌ಗೆ ಬೆಲ್ಟ್ ಬಂತು: ಯಾವ ಕೆಲಸ ತರಬಹುದು, ಯಾವುದು ಬೇಡ

ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಆತ್ಮೀಯ ಗ್ರಾಹಕರೇ,

ಹದಿನೈದು ದಿನದಿಂದ ಮಿಲ್ಲಿಂಗ್ (ತಿರುಗುವ ಕಟರ್‌ನಿಂದ ಲೋಹ ಕೊರೆಯುವ) ಕೆಲಸ ತಂದವರಿಗೆಲ್ಲ "ನಾಳೆ ಬನ್ನಿ" ಎಂದು ಹೇಳಿ ಕಳಿಸುತ್ತಿದ್ದೆವು. ಬೇಜಾರು ಮಾಡಿಕೊಂಡವರು ಕ್ಷಮಿಸಬೇಕು. ಮೇಜಿನ ಮೇಲಿರುವ ನಮ್ಮ ಪುಟ್ಟ ಮೆಷಿನ್‌ನ ತಲೆಯೊಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಮುರಿದುಕೊಂಡಿತ್ತು. ಆಲೆಮನೆಯ ಗಾಣದ ಶಾಫ್ಟ್‌ಗೆ ಕೀವೇ (ಪುಲ್ಲಿ ಜಾರದಂತೆ ಹಿಡಿಯುವ ಕೀ ಕೂರಲು ಉದ್ದನೆಯ ತೋಡು) ತೆಗೆಯುವಾಗ ಕಟರ್ ಕಚ್ಚಿಕೊಂಡು ಹೀಗಾಯಿತು. ಮೆಷಿನ್ನನ್ನು ಬೈದು ಪ್ರಯೋಜನವಿಲ್ಲ. ಅಷ್ಟು ದಪ್ಪದ ಕೆಲಸಕ್ಕೆ ಆಗುವುದಿಲ್ಲ ಎನ್ನಲು ನಾವೇ ಸಂಕೋಚಪಟ್ಟೆವು.

ಇನ್ನೊಂದು ಗೇರ್ ಹಾಕಿ ಮುಂದೆ ಸಾಗಬಹುದಿತ್ತು. ಆದರೆ ಇದು ಮೂರನೇ ಸಲ. ಹಾಗಾಗಿ ಗೇರುಗಳನ್ನೇ ತೆಗೆದು ಪುಲ್ಲಿ, ಬೆಲ್ಟ್ ಕೂರಿಸಿದ್ದೇವೆ. ಮೊದಲು ನಿಮಿಷಕ್ಕೆ 2500 ಸುತ್ತಿಗೆ ನಿಲ್ಲುತ್ತಿದ್ದ ಸ್ಪಿಂಡಲ್ (ಕಟರ್ ಹಿಡಿದು ತಿರುಗುವ ಭಾಗ) ಈಗ 4000ದ ಹತ್ತಿರ ಹೋಗುತ್ತದೆ. ಆ ವೇಗ ತಡೆಯಲೆಂದು ಬೇರಿಂಗ್‌ಗಳನ್ನೂ ಬದಲಾಯಿಸಿದೆವು. ಕಿವಿಗಡಚಿಕ್ಕುತ್ತಿದ್ದ ಸದ್ದು ಹೋಗಿದೆ, ಪಕ್ಕದ ಶೆಡ್‌ನವರಿಗೂ ನೆಮ್ಮದಿ.

ಹಣ ಕಡಿಮೆ, ಬೆವರು ಹೆಚ್ಚು ಹೋಗಿದ್ದು ಮೆಷಿನ್‌ನ ತಲೆ ಹೊತ್ತ ಕಂಬಕ್ಕೆ. ಕೆಲವರ ಅಲ್ಯೂಮಿನಿಯಂ ಬ್ರಾಕೆಟ್ ಮೇಲೆ ಅಲೆ ಅಲೆಯಾಗಿ ಗುರುತು ಬಿದ್ದಾಗ ಕಟರ್ ಮೊಂಡಾಗಿದೆ ಎಂದು ಹೇಳಿದ್ದೆವಲ್ಲ, ಅದು ಪೂರ್ತಿ ನಿಜವಲ್ಲ. ಡಯಲ್ (ಸಣ್ಣ ಅಲುಗಾಟ ತೋರಿಸುವ ಮಾಪಕ) ಇಟ್ಟು ತಲೆಯನ್ನು ಕೈಯಿಂದ ತಳ್ಳಿ ನೋಡಿದಾಗ ಮುಳ್ಳು ಅಲ್ಲಾಡಿತು. ಇಡೀ ಕಂಬ ಬುಡದಲ್ಲಿ ಒಂದೇ ದೊಡ್ಡ ನಟ್ ಮೇಲೆ ನಿಂತಿತ್ತು. ಈಗ ಹಿಂದಿನಿಂದ ದಪ್ಪ ಉಕ್ಕಿನ ಪ್ಲೇಟ್ ಬಿಗಿದು, ಗಿಬ್‌ಗಳನ್ನು (ಜಾರುವ ಭಾಗದ ಸಡಿಲ ತೆಗೆಯುವ ಪಟ್ಟಿ) ಸರಿಹೊಂದಿಸಿ, ತೆಳು ಶಿಮ್ (ಲೋಹದ ಹಾಳೆ) ಕೊಟ್ಟು ಸ್ಪಿಂಡಲ್ ಅನ್ನು ಟೇಬಲ್‌ಗೆ ನೇರ ಮಾಡಿದ್ದೇವೆ. ಅದಕ್ಕೇ ಎರಡು ದಿನ ಹಿಡಿಯಿತು. ಟೇಬಲ್‌ಗೆ ಡಿಜಿಟಲ್ ಸ್ಕೇಲ್ ಕೂಡ ಬಂದಿದೆ. ಸ್ಕ್ರೂನಲ್ಲಿ ಪ್ಲೇ (ಸಡಿಲ) ಇದ್ದರೂ ಟೇಬಲ್ ನಿಜವಾಗಿ ಎಷ್ಟು ಸರಿಯಿತು ಎಂಬುದನ್ನೇ ಅದು ತೋರಿಸುತ್ತದೆ. ಹಾಗಾಗಿ ಮೊದಲು ಅಳತೆಯಲ್ಲಿ 0.1 ಮಿ.ಮೀ. ಹೆಚ್ಚುಕಡಿಮೆ ಆಗಬಹುದು ಎನ್ನುತ್ತಿದ್ದ ಕಡೆ ಈಗ 0.05ಕ್ಕೇ ಒಪ್ಪಿಕೊಳ್ಳುತ್ತೇವೆ.

ಬೆಲ್ಟ್‌ನಿಂದ ಒಂದು ನಷ್ಟವೂ ಇದೆ. 6 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟರ್‌ನ ಅಂಚು ಅಲ್ಯೂಮಿನಿಯಂನಲ್ಲಿ ನಿಮಿಷಕ್ಕೆ 75 ಮೀಟರ್ ವೇಗದಲ್ಲಿ ಕೊರೆಯಬೇಕಾದರೆ ಸುಮಾರು 4000 ಸುತ್ತು ಬೇಕು, ಅದು ಈಗ ಸಿಗುತ್ತದೆ. ಉಕ್ಕಿನಲ್ಲಿ 20 ಮಿ.ಮೀ. ಕಟರ್‌ಗೆ 25 ಮೀಟರ್ ವೇಗ ಎಂದರೆ 400 ಸುತ್ತು ಸಾಕು, ಆದರೆ ಆ ನಿಧಾನದಲ್ಲಿ ಬಲ ಬೇಕು. ಆ ಬಲ ಕೊಡುತ್ತಿದ್ದದ್ದು ಲೋ ಗೇರ್. ಅದೀಗ ಇಲ್ಲ. ಒತ್ತಿದರೆ ಬೆಲ್ಟ್ ಜಾರುತ್ತದೆ, ಹಲ್ಲು ಮುರಿಯುವುದಕ್ಕಿಂತ ಅದು ವಾಸಿ.

ಆದ್ದರಿಂದ ಮುಂದಿನ ತಿಂಗಳಿನಿಂದ ಅಲ್ಯೂಮಿನಿಯಂ, ಹಿತ್ತಾಳೆ, ನೈಲಾನ್ ಕೆಲಸಕ್ಕೆ ಸಮಯ ಕಡಿಮೆ ಹಿಡಿಯುವುದರಿಂದ ಕೂಲಿಯನ್ನೂ ಇಳಿಸುತ್ತೇವೆ. ಉಕ್ಕಿನಲ್ಲಿ 10 ಮಿ.ಮೀ. ಅಗಲದವರೆಗಿನ ಕೀವೇ ಹಳೇ ದರಕ್ಕೇ ಮಾಡುತ್ತೇವೆ, ಕಟರನ್ನು ಸ್ವಲ್ಪ ಸ್ವಲ್ಪವೇ ಇಳಿಸಬೇಕಾದ್ದರಿಂದ ಒಂದು ದಿನ ಹೆಚ್ಚು ಕೊಡಿ. ಅದಕ್ಕಿಂತ ದೊಡ್ಡದನ್ನು, ಗಾಣದ ಶಾಫ್ಟ್‌ಗಳನ್ನೂ ಸೇರಿಸಿ, ದೊಡ್ಡ ಮೆಷಿನ್ ಇರುವವರ ಬಳಿ ನಾವೇ ಮಾಡಿಸಿ ಕೊಡುತ್ತೇವೆ. ಅವರ ಬಿಲ್ಲನ್ನೇ ನಿಮಗೆ ತೋರಿಸುತ್ತೇವೆ, ನಡುವೆ ನಮ್ಮದೇನೂ ಸೇರಿಸುವುದಿಲ್ಲ.

ಅಲೆ ಗುರುತಿನ ಬ್ರಾಕೆಟ್ ಇನ್ನೂ ನಿಮ್ಮಲ್ಲಿದ್ದರೆ ತನ್ನಿ. ದಪ್ಪದಲ್ಲಿ ಅರ್ಧ ಮಿ.ಮೀ. ಬಿಟ್ಟುಕೊಡಲು ಆಗುವುದಾದರೆ ಪುಕ್ಕಟೆಯಾಗಿ ಮತ್ತೊಮ್ಮೆ ಮುಖ ಹೊಡೆದು (ಮೇಲ್ಮೈ ಕೊರೆದು ಸಮ ಮಾಡಿ) ಕೊಡುತ್ತೇವೆ. ಕೀವೇ ಕೆಲಸಕ್ಕೆ ಬರುವವರು ಶಾಫ್ಟ್ ಜೊತೆ ಪುಲ್ಲಿಯನ್ನೂ ತನ್ನಿ, ಬರೀ ಅಳತೆಯ ಚೀಟಿ ಬೇಡ.

ಇಂತಿ ನಿಮ್ಮ,
ವರ್ಕ್‌ಶಾಪ್‌ನ ಮೂವರು